ಸಿಶ್

ಮಾರ್ಚ್ ಮುಗಿಯುತ್ತ ಬಂದಿತ್ತು.
ಸೇಂಟ್ ಜಾನ್ಸ್ ಬಂದರಿನ ನೀರು ಇನ್ನೂ ಬಿಳಿ.
ಬೂಟಿನ ಹಿಮವನ್ನು ಬಾಗಿಲಲ್ಲೇ ಕೊಡವಿ
ಆಂಬ್ರೋಸ್ ಪಾರ್ಡಿ ನನ್ನ ಮೇಜಿನೆದುರು ನಿಂತ.
ವಯಸ್ಸು ಅರವತ್ತೊಂಬತ್ತು, ಬೆರಳು ಒಂಬತ್ತು.

‘ಇದು ಲೈಬ್ರರಿಯೇ? ಎಲ್ಲಿ ನೋಡಿದರೂ ಪರದೆ.’
ಪುಸ್ತಕ ನೆಲಮಾಳಿಗೆಯಲ್ಲಿವೆ,
ಲೇಖನಗಳೆಲ್ಲ ಈಗ ಈ ಕಿಟಕಿಯೊಳಗೆ, ಅಂದೆ.
ಹದಿನಾರು ವರ್ಷದಿಂದ ದಿನಕ್ಕೆ ಹತ್ತು ಸಲ ಆಡುವ ಮಾತು,
ನಾಲಗೆಗೆ ಅದರ ರುಚಿ ಹೋಗಿದೆ.

ಯಾವುದರ ಬಗ್ಗೆ ಬೇಕು?
‘ಸಿಶ್’ ಅಂದ.

ಕೇಳಿದ್ದೆ. ತಾಯಿಯ ಕಡೆಯವರ ಮಾತು.
ದಡದ ಅಂಚಿಗೆ ತೇಲುವ ಹಿಮದ ನುಚ್ಚು,
ದೋಣಿ ಅದನ್ನು ಸೀಳಿದಾಗ
ಏಳುವ ಸದ್ದೇ ಅದರ ಹೆಸರು.

ಟೈಪ್ ಮಾಡಿದೆ. ಯಂತ್ರ ವಿನಯದಿಂದ ಕೇಳಿತು:
ನಿಮ್ಮ ಮನಸ್ಸಿನಲ್ಲಿದ್ದದ್ದು ‘ಫಿಶ್’ ಎಂದೇ?

ಆಂಬ್ರೋಸ್ ನಕ್ಕ. ‘ಇರಲಿ ಪಾಪ.
ನನ್ನ ಮನಸ್ಸಿನಲ್ಲೂ ನಲವತ್ತು ವರ್ಷ ಅದೇ ಇತ್ತು.’

ಮೀನಲ್ಲ ಎಂದು ಒತ್ತಿದೆ.
ಬಂದದ್ದು ಮೂರು: ಯಾವುದೋ ರಕ್ತಪರೀಕ್ಷೆಯ ಮೊಟಕು ಹೆಸರು,
ಹುಕ್ಕಾ ಸೇದುವವರ ಶ್ವಾಸಕೋಶ,
ಇನ್ನೊಂದು ಬರೀ ಅಚ್ಚಿನ ತಪ್ಪು.

‘ಅವರು ಅದನ್ನು ಹಾಗೆ ಕರೆಯುವುದಿಲ್ಲ’ ಅಂದೆ.
‘ಅವರು ಅಂದರೆ ಯಾರು?’

ಉತ್ತರಿಸದೆ ಅವರ ಪದ ಹಾಕಿದೆ: ಫ್ರೇಜಿಲ್.
ಅಥವಾ: ಗ್ರೀಸ್ ಐಸ್.
ಹನ್ನೊಂದು ಸಾವಿರದ ಇನ್ನೂರ ಆರು ಲೇಖನ
ಒಮ್ಮೆಗೇ ದಡಕ್ಕೆ ಬಂದು ಬಿದ್ದವು.
ಅವನಿಗೆ ಗಾಬರಿ. ನಾನು ಹೇಳಿಕೊಟ್ಟೆ,
‘ಅಥವಾ’ ಅಂದರೆ ಬಾಗಿಲು ಅಗಲವಾಗುತ್ತದೆ,
‘ಮತ್ತು’ ಅಂದರೆ ಕಿರಿದಾಗುತ್ತದೆ,
‘ಅಲ್ಲ’ವನ್ನು ಹುಷಾರಾಗಿ ಬಳಸಬೇಕು,
ಬೇಕಾದದ್ದೂ ಅದರ ಜೊತೆ ಹೋಗಿಬಿಡುತ್ತದೆ.
‘ನನ್ನ ಮದುವೆಯಲ್ಲಿ ಹಾಗೇ ಆಯಿತು’ ಅಂದ.

ಮತ್ತು ಸದ್ದು. ಮತ್ತು ಅವನ ಕೊಲ್ಲಿಯ ಹೆಸರು, ಸ್ಕಿಲ್ಲೆಟ್ ಆರ್ಮ್.
ಪೂರ್ಣಪಾಠ ಇರುವುದು ಮಾತ್ರ.
ಉಳಿದದ್ದು ಒಂದು.

ಸಾವಿರದೊಂಬೈನೂರ ಎಪ್ಪತ್ತೊಂದು. ಏಳು ಪುಟ.
ಸ್ಕ್ಯಾನ್ ಓರೆ, ಮೂಲೆಯಲ್ಲಿ ಯಾರದೋ ಹೆಬ್ಬೆರಳ ನೆರಳು.
ಪರದೆಗೆ ಮೂಗು ತಾಗುವಷ್ಟು ಬಗ್ಗಿದ, ಓದಲಿಲ್ಲ,
ಚಿತ್ರ ಹುಡುಕಿದ.
ಚಿತ್ರ ಎರಡು: ಅಳತೆಗೆ ಬಳಸಿದ ದೋಣಿ.
ಪುಟದಂಚು ಕತ್ತರಿಸಿ ಉಳಿಸಿದ್ದು
ಹುಟ್ಟು ಹಿಡಿದ ಒಂದು ಮೊಣಕೈ.

‘ಸೆಲೀನಾ’ ಅಂದ. ‘ನನ್ನಕ್ಕ.
ಸದ್ದು ಕೇಳಿಯೇ ಹಿಮದ ದಪ್ಪ ಹೇಳುತ್ತಿದ್ದಳು,
ಒಂದು ಬೆರಳು, ಎರಡು ಬೆರಳು, ಇನ್ನು ತಿರುಗಿಸು ಅಂತ.
ಆ ಹುಡುಗರಿಗೆ ಅವಳೇ ಕಲಿಸಿದ್ದು.’

ಕೊನೆಯ ಪುಟ ತೆಗೆದೆ, ಕೃತಜ್ಞತೆಗಳು.
ಹಣ ಕೊಟ್ಟ ಎರಡು ಇಲಾಖೆ,
ಬೆರಳಚ್ಚು ಮಾಡಿದ ಶ್ರೀಮತಿ ಯಾರೋ,
ಮೈಕು ಸರಿಪಡಿಸಿದವನು.
ನಾವಿಬ್ಬರೂ ಎರಡು ಸಲ ಓದಿದೆವು.
ಪರದೆಯ ಬೆಳಕು ತಾನಾಗಿ ಮಂಕಾಯಿತು,
ನಾನು ಮೌಸ್ ಅಲುಗಿಸಿದೆ.

ಏಳೂ ಪುಟ ಪ್ರಿಂಟ್ ಮಾಡಲೇ?
‘ಬೇಡ. ಈ ಗೀಟುಗಳ ಪುಟ ಒಂದು ಸಾಕು.’
ಚಿತ್ರ ಮೂರು, ಸದ್ದಿನ ನಕ್ಷೆ:
ಚಳಿಗೆ ನಡುಗುವ ದಾರದಂಥ ಗೆರೆ,
ಒಂದೆಡೆ ದಟ್ಟವಾಗಿ, ಆಮೇಲೆ ಸುಮ್ಮನೆ.

‘ಅವಳಿಗೆ ಈಗ ಕಿವಿ ಪೂರಾ ಹೋಗಿದೆ’ ಅಂದ,
ಹಾಳೆಯನ್ನು ಮಡಿಸದೆ ಕೋಟಿನೊಳಗೆ ಇಳಿಸುತ್ತ.
‘ಕಣ್ಣು ಚೆನ್ನಾಗಿದೆ.’

ಹತ್ತು ಸೆಂಟ್ ಎಣಿಸಿ ಮೇಜಿನ ಮೇಲಿಟ್ಟು ಹೋದ.

ಡೇಟಾಬೇಸಿನ ತಳದಲ್ಲಿ
ಯಾರೂ ಒತ್ತದ ಒಂದು ಗುಂಡಿ ಇದೆ: ಹೊಸ ವಿಷಯಪದ ಸೂಚಿಸಿ.
ಪದ: ಸಿಶ್.
ಅರ್ಥ: ಬರೆದೆ, ಅಳಿಸಿದೆ, ಬರೆದೆ.
ಆಧಾರ: ಸೆಲೀನಾ ಪಾರ್ಡಿ, ಸ್ಕಿಲ್ಲೆಟ್ ಆರ್ಮ್.
ಪ್ರಕಟವಾದ ವರ್ಷ, ಪುಟಸಂಖ್ಯೆ: ಎರಡೂ ಕಡ್ಡಾಯ ಎಂದು
ಕೆಂಪು ಚುಕ್ಕೆಗಳು ಮಿನುಗುತ್ತಿವೆ.
ಹೊರಗೆ ಐದೂವರೆಯ ಬಸ್ಸು
ಗುಡ್ಡ ಇಳಿಯುತ್ತಿದೆ, ಚಕ್ರದಡಿ
ಅದೇ ಸದ್ದು.