ಒಂದು ಫುಲ್

ಚಾವಿ ಕೊಡೂ ಮುಂದ ಇಲಿಯಾಸ್ ಹೇಳಿದ್ದ:
ಪೆಟ್ರೋಲ್ ನಿಮ್ದು ಅಕ್ಕಾ, ಗೀರು ಬಿದ್ದರ ಗೀರು ನಿಮ್ದು,
ಚಲನ್ ಬಂದರ ಅದೂ ನಿಮ್ದೇ.
ಅಸಲಿ ಆಧಾರ್ ಇಟ್ಟುಕೊಂಡ, ನನ್ನ ಸ್ಕೂಟಿ ಇಟ್ಟುಕೊಂಡ,
ಕಾರಿನ ನಾಕೂ ಮಗ್ಗಲ ಫೋಟೊ ಹೊಡಕೊಂಡ,
ಕಡೀಕ, ನನ್ನ ಮಾರಿ ನೋಡಿ, ಯಾಕೋ
ಇನ್ನೊಂದು ಫೋಟೊ.

ಹದಿನೆಂಟು ವರ್ಷ ಆಯ್ತು ನಾ ಈ ರೂಟಿನ್ಯಾಗ.
ಕಲಬುರಗಿ ಜೇವರ್ಗಿ, ದಿನಾ ಆರು ಸಿಂಗಲ್.
ಹದಿನೆಂಟು ವರ್ಷ ರಸ್ತಾಕ್ಕ ಬೆನ್ನು ಕೊಟ್ಟು
ಮಂದಿ ಮಾರಿ ನೋಡೀನಿ.
ಫರಹತಾಬಾದ್ ಬಂದದ್ದು ಕಣ್ಣಿಗಿ ಗೊತ್ತಾಗಂಗಿಲ್ಲ,
ಉಬ್ಬಿನ ಮ್ಯಾಲ ಹಿಂದಿನ ಗಾಲಿ ಎಗರಿದಾಗ
ಅಂಗಾಲಿಗಿ ಗೊತ್ತಾಗ್ತದ.
ಭೀಮಾ ಹೊಳಿ ಬಂದದ್ದು ಮೂಗಿಗಿ ಗೊತ್ತಾಗ್ತದ.
ಹೊಳಿ ನೋಡಿದ್ದು ಕಮ್ಮಿ.
ಸಂಗಾವಿ ಬ್ರಿಜ್ ಮ್ಯಾಲ ಬರೋಬ್ಬರಿ
ಯಾರೋ ಒಬ್ಬರು ಐನೂರರ ನೋಟು ಚಾಚಿರ್ತಾರ.

ಹಿಂಗಾಗಿ ಈ ವಾರದ ರಜಾಕ್ಕ, ಯಾರಿಗೂ ಹೇಳದ,
ಬಾಡಗಿಗಿ ಒಂದು ಬಿಳಿ ಕಾರು.
ಹಿಂದಿನ ಸೀಟಿನ್ಯಾಗ ಯಾರದೋ ಕೂಸಿನ ಒಂಟಿ ಬೂಟು,
ಅತ್ತರಿನ ವಾಸನಿ, ಅದರ ಕೆಳಗ ಸಿಗರೇಟಿನ ವಾಸನಿ.

ರಾಮಮಂದಿರ ಸರ್ಕಲ್ ದಾಟೂತನ ಕಾಲು ಬ್ರೇಕಿನ ಮ್ಯಾಲೇ.
ಮುಂದ ಸ್ಟಾಪಿನ್ಯಾಗ ಒಬ್ಬಾಕಿ ಕೈ ಮಾಡಿದಳು,
ತಲಿ ಮ್ಯಾಲ ಬುಟ್ಟಿ, ಬಗಲಾಗ ಕೂಸು.
ನನ್ನ ಬಾಯಿ ತಾನೇ ಹೋಲ್ಡಾನ್ ಅಂತು.
ಡ್ರೈವರ್ ಎಲ್ಲದಾನ ಕೇಳ್ಲಿಕ್ಕ?
ಆಕಿ ಕಾರು ನೋಡಿ ಕೈ ಇಳಿಸಿದಳು.
ರೈಟ್ ಅಂದೆ. ನಾನೇ ಕೇಳಿದೆ.
ನಾನೇ ಹೊಂಟೆ.

ನಮ್ಮ ಬಸ್ಸಿನ ವೇಗಕ್ಕ ಹಗ್ಗ ಕಟ್ಯಾರ,
ಭೀಮಶಾ ಎಷ್ಟು ತುಳದರೂ ಅರವತ್ತಕ್ಕ ಮುಲುಗತದ.
ಇದು ಮುಲುಗಲಿಲ್ಲ.
ತೊಗರಿ ಹೂಬಿಟ್ಟಿತ್ತು. ಹೊಲಕ್ಕ ಹೊಲ
ನನ್ನ ಕಡಿಗಿ ಓಡಿ ಬರ್ಲಿಕ್ಕತ್ತಿದವು,
ಹಿಂದಿನ ಕಾಜಿನ್ಯಾಗ ಬರೇ ಹೋಗೂದನ್ನ ನೋಡಿದಾಕಿ ನಾ.
ಟಿಕೆಟ್ ಇಲ್ಲದ ಗಾಳಿ ಒಳಗ ಬಂತು,
ಎಲ್ಲಿಗಿ ಅಂತ ಕೇಳಲಿಲ್ಲ.

ಬೇವಿನ ನೆರಳಿಗಿ ಜೀಪು.
ಮೂರು ಕಾಲಿನ ಮ್ಯಾಲ ಒಂದು ಕಣ್ಣು.
ಹುಡುಗ ಪೊಲೀಸ, ಮೀಸಿ ಇನ್ನಾ ಹೊಸಾದು.
ತೊಂಬತ್ತೇಳು ಮೇಡಂ, ಅಂದ. ಇಲ್ಲಿ ಅರವತ್ತು.
ನಾನಾ? ಅಂದೆ.
ಮತ್ತ ಗಾಡ್ಯಾಗ ಇನ್ಯಾರದಾರ್ರಿ?
ತೋರಿಸಿದ. ಗಾಜಿನ ಹಿಂದ ನನ್ನ ಮಾರಿ, ಬಾಯಿ ತೆರದದ,
ಹಾಡ್ಲಿಕ್ಕತ್ತಿದ್ದೆನೋ, ಸ್ಟಾಪ್ ಕೂಗ್ಲಿಕ್ಕತ್ತಿದ್ದೆನೋ.

ಹೆಣ್ಮಕ್ಕಳಿಗಿ ಫ್ರೀ ಅಲ್ಲೇನ್ರಿ ಸಾಹೇಬ್ರ?
ಅವ ನಗಲಿಲ್ಲ.
ದಿನಾ ಮುನ್ನೂರು ಆಧಾರ್ ನೋಡಿ
ಮುನ್ನೂರು ಸೊನ್ನಿ ಟಿಕೆಟ್ ಹರದು ಕೊಡೂ ಜಗದೇವಿಗಿ
ಸಾವಿರದ್ದು, ಒಂದು ಫುಲ್.

ಅವನ ಮಷೀನೂ ನನ್ನದರಂಗೇ ಕುಯ್ಯ್ ಅಂದು ನಿಂತಿತು,
ರೋಲ್ ಸಿಕ್ಕೊಂಡಿತ್ತು.
ಬಡದ. ಬಿಸಿಲಿಗಿ ಹಿಡದ. ಉಫ್ ಅಂತ ಊದಿದ.
ನೋಡಲಾರದ ನಾನೇ ಹೇಳಿದೆ:
ಮುಚ್ಚಳ ತಗೀರಿ. ಕಾಗದ ಉಲ್ಟಾ ಹಾಕೀರಿ.
ಹಾಂ, ಈಗ ಕೆಳಗಿಂದ ಎಳೀರಿ, ಸಾವಕಾಶ.
ಬಂತು ನನ್ನ ದಂಡ, ಚೊಕ್ಕಾಗಿ.

ಎರಡು ಐನೂರು ಕೊಟ್ಟೆ. ಚಿಲ್ಲರಿ ಜಗಳ ಇಲ್ಲ.
ಆದರೂ ಚೀಟಿ ತಿರುವಿ ನೋಡಿದೆ,
ಮಂದಿ ನೋಡ್ತಾರಲ್ಲ, ನಾ ಬಾಕಿ ಬರದೀನೋ ಇಲ್ಲೋ ಅಂತ.
ಹಿಂದ ಬರೇ ಬಿಳಿ.

ಹೊಳಿ ಅಲ್ಲಿಂದ ಎರಡು ಕಿಲೋಮೀಟರ್.
ಹೋಗಲಿಲ್ಲ. ಗಾಡಿ ತಿರುಗಿಸಿದೆ,
ನಲವತ್ತರಾಗ ಬಂದೆ, ಹಿಂದ ಟ್ರ್ಯಾಕ್ಟರ್ ಹಾರ್ನ್ ಹೊಡೀಲಿಕ್ಕತ್ತಿತ್ತು.
ಇಲಿಯಾಸ್ ಕಾರಿನ ಸುತ್ತ ಕುಂತು ಎದ್ದು ಗೀರು ಹುಡುಕಿದ.
ಎಷ್ಟರ ತನಕ ಹೊಡದ್ರಿ ಅಕ್ಕಾ?
ತೊಂಬತ್ತೇಳು, ಅಂದೆ,
ಪಕ್ಕದ ಪಂಕ್ಚರ್ ಅಂಗಡಿಗೂ ಕೇಳೂವಂಗ.

ಮುಂಜಾನಿ ಮೊದಲ ಸಿಂಗಲ್.
ಸಂಗಾವಿ ಬ್ರಿಜ್, ಒಬ್ಬ ಮುದುಕ, ಐನೂರರ ನೋಟು.
ತಡೀರಿ ಯಜಮಾನ್ರ, ಅಂದೆ.
ಕಂಬಿ ಹಿಡಕೊಂಡು
ಭೀಮಶಾನ ಹೆಗಲಿನ ಮ್ಯಾಲಿಂದ ಬಗ್ಗಿದೆ.
ಏನಾಯ್ತು, ನಿಂದ್ರಸ್ಲೇನು? ಅಂದ ಅವ.
ಬ್ಯಾಡ, ನಡಿ, ಅಂದೆ,
ಸ್ವಲ್ಪ ಸಾವಕಾಶ ನಡಿ.