ಪಾಲು

ಸದಾಶಿವ ಪೇಟೆಯ ಕಣ್ಣಾಸ್ಪತ್ರೆ ಮೆಟ್ಟಿಲಲ್ಲಿ
ನನ್ನ ಬಲಗಣ್ಣಿಗೆ ಹತ್ತಿ,
ಪಕ್ಕದ ಗದ್ರೆಬಾಯಿಗೆ ಎಡಗಣ್ಣಿಗೆ.
ರಸ್ತೆಯಾಚೆ ಚಹಾದಂಗಡಿ.
ಹೋಗೋಣವೆ ಅಂದವರು ಅವರೇ, ಮರಾಠಿಯಲ್ಲಿ;
ನಾನು ಧಾರವಾಡದ ಮರಾಠಿಯಲ್ಲಿ ಹೂಂ ಅಂದೆ.

ಕರಾರು ಸರಳ: ಎಡಕ್ಕೆ ನಾನು, ಬಲಕ್ಕೆ ಅವರು.
ಬಸ್ಸು ಕಂಡಿತು, ಟೆಂಪೋ ಕಂಡಿತು,
ನಟ್ಟನಡುವೆ ಎದುರಿಗೇ ಬಂದ ಸ್ಕೂಟರಿನ ಹುಡುಗಿ ಮಾತ್ರ
ಇಬ್ಬರ ಲೆಕ್ಕದಲ್ಲೂ ಇರಲಿಲ್ಲ.
ಬೈದಳು. ನಕ್ಕೆವು,
ಕಣ್ಣೀರು ಬರಬಾರದೆಂದು ಡಾಕ್ಟರು ಹೇಳಿದ್ದು
ನೆನಪಾಗುವವರೆಗೆ.

ಒಂದು ಚಹಾ, ಎರಡು ಬಸಿ.
ಮನೆ ಎಲ್ಲಿ, ಫೋನ್ ನಂಬರೆಷ್ಟು, ಕೇಳಲಿಲ್ಲ.

ಈಗ ಎರಡೂ ಕಣ್ಣು ನಿಚ್ಚಳ.
ಔಷಧಿ ಬಾಟಲಿಯ ಸಣ್ಣಕ್ಷರವನ್ನೂ ಓದುತ್ತೇನೆ.
ರಸ್ತೆ ದಾಟುವಾಗ ಮಾತ್ರ
ಬಲಕ್ಕೆ ನೋಡಲು ಮರೆಯುತ್ತೇನೆ;
ಆ ಕಡೆ ಅವರ ಪಾಲಿನದು.