ಮಹಾಪ್ರಾಣ

ಮೊದಲಿನ ಯಂತ್ರ ನಲವತ್ತು ನಿಮಿಷ ಮಾತಾಡುತ್ತಿತ್ತು,
ಆಮೇಲೆ ಬಾಯಿ ಮುಚ್ಚಿ ಕೂರುತ್ತಿತ್ತು.
ಪುಕ್ಕಟೆ ಪ್ರತಿಗೆ ಅಷ್ಟೇ ಆಯುಷ್ಯ.
ಪೂರ್ತಿ ಬಾಯಿ ಬೇಕಿದ್ದರೆ
ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ ಕೂತು ನಾನು ಗಳಿಸುವ
ಹದಿನಾಲ್ಕು ತಿಂಗಳ ಸಂಬಳ.

ಹಾಗಾಗಿ ಆರಿಸುವುದು, ಮತ್ತೆ ಹಚ್ಚುವುದು.
ಕಂಕನಾಡಿಯ ಬಾಡಿಗೆ ಕೋಣೆಯಲ್ಲಿ ನನ್ನ ಓದೆಂದರೆ
ಸುರತ್ಕಲ್ಲಿನಿಂದ ಸ್ಟೇಟ್‌ಬ್ಯಾಂಕಿಗೆ ಬರುವ ಬಸ್ಸಿನಷ್ಟೇ ಉದ್ದ.
ಅದೂ ಇಂಗ್ಲಿಷು. ಕನ್ನಡ ಎದುರಾದರೆ
"ಕ್ವೆಶ್ಚನ್ ಮಾರ್ಕ್, ಕ್ವೆಶ್ಚನ್ ಮಾರ್ಕ್."
ತಂಗಿ ಮುಲ್ಕಿಯಿಂದ ಹೆರಿಗೆಯಾದ ವಾರ ಬರೆದಳು:
ಉದ್ದಕ್ಕೂ ಪ್ರಶ್ನೆ, ಕೊನೆಗೊಂದು ಫುಲ್‌ಸ್ಟಾಪು.
ಯಾರಿಂದಲೂ ಓದಿಸಲಿಲ್ಲ.
ಸುದ್ದಿ ಫೋನಿನಲ್ಲಿ ಸಿಕ್ಕಿತ್ತಲ್ಲ.

ಸುಧೀರ ಗಟ್ಟಿ ಹಗಲು ಯುಪಿಎಸ್ ಬ್ಯಾಟರಿ ರಿಪೇರಿ ಮಾಡುವವ,
ರಾತ್ರಿ ಕನ್ನಡವನ್ನು ಚೂರುಚೂರು ಮಾಡುವವ.
"ಒಂದು ದನಿ ಬೇಕು," ಅಂದ. "ದಣಿಯದ್ದು. ದುಡ್ಡು ಕೇಳದ್ದು."
ನನಗೆ ಗೊತ್ತಿದ್ದದ್ದು ಒಂದೇ:
ಹದಿನೈದನೇ ನಂಬರಿನ ಬಸ್ಸಿನಲ್ಲಿ
ಮೂವತ್ತೊಂದು ವರ್ಷ ಬಾಗಿಲಿಗೆ ಜೋತು
ಊರಿನ ಹೆಸರುಗಳನ್ನು ಬೀದಿಗೆ ಎಸೆದ ಐತಪ್ಪಣ್ಣನದು.
ಯಾವ ಗದ್ದಲದಲ್ಲೂ ಆ ದನಿಯ ತುದಿ ಹಿಡಿದು
ಮೆಟ್ಟಿಲು ಹತ್ತಿದವಳು ನಾನು.

ಬಂದರಿನಲ್ಲಿ ಇದ್ದಿನಬ್ಬರ ಹಾಸಿಗೆ ಅಂಗಡಿ.
ಹಿಂದಿನ ಗೋದಾಮಿನಲ್ಲಿ ಹತ್ತಿ ಮೂಟೆ, ಗೋಡೆಯೆತ್ತರ.
ಅಷ್ಟು ಸದ್ದಿಲ್ಲದ ಜಾಗ ದುಡ್ಡು ಕೊಟ್ಟರೂ ಸಿಗದು.
ಐತಪ್ಪಣ್ಣ ಓದಿದ, ಅರ್ಥಕ್ಕಲ್ಲ, ಅಕ್ಷರಕ್ಕಾಗಿ ಕಟ್ಟಿದ ಮಾತು:
"ಝರಿಯ ಬಳಿ ಠಾಣೆಯ ಛತ್ರಿ ಒಣಗಿತು."
ಓದುತ್ತಾ ಸೀನಿದ. ಓದುತ್ತಾ ನಕ್ಕ.
ವಾಕ್ಯ ಮುಗಿದಲ್ಲೆಲ್ಲ ನಾಲಿಗೆ ತಾನಾಗಿ
"ರೈಟ್, ಪೋಯಿ" ಎಂದಿತು.
ಸುಧೀರ ಅದನ್ನೆಲ್ಲ ಕತ್ತರಿಸಿದ.

ಕತ್ತರಿಸಲಾಗದ್ದೊಂದು ಉಳಿಯಿತು.
ಠಾಣೆ, ಟಾಣೆ. ಛತ್ರಿ, ಚತ್ರಿ. ಭಯ, ಬಯ.
"ನಮ್ಮ ತುಳುವಿಗೆ ಅಷ್ಟು ಉಸಿರು ಬೇಡ ಮಾರಾಯ."
ಇರಲಿ ಬಿಡು, ಅಂದೆ ನಾನೂ,
ಊರು ಮಾತಾಡುವುದೇ ಹಾಗಲ್ವಾ.

ಸುಧೀರ ಸ್ವಲ್ಪ ಹೊತ್ತು ಸುಮ್ಮನಿದ್ದ.
"ನಿಮಗೆ ಬ್ರೈಲ್ ಉಂಟು ಅಕ್ಕ,
ಟ ಬೇರೆ ಚುಕ್ಕಿ, ಠ ಬೇರೆ ಚುಕ್ಕಿ, ಬೆರಳಿಗೆ ಗೊತ್ತು.
ನಾಳೆ ಆರನೇ ಕ್ಲಾಸಿನ ಯಾವುದೋ ಹುಡುಗಿಗೆ
ಈ ಬಾಯಿಯೇ ಪುಸ್ತಕ.
ಅವಳು ಪರೀಕ್ಷೆಯಲ್ಲಿ ಕಂಟ ಎಂದು ಬರೆದರೆ
ಅಂಕ ಹೋಗುವುದು ಅವಳದ್ದು."

ಆಮೇಲೆ ಹನ್ನೊಂದು ಭಾನುವಾರ
ಐತಪ್ಪಣ್ಣನ ಬಾಯಿಯೆದುರು ನನ್ನ ಅಂಗೈ.
ಟ. ಏನೂ ಇಲ್ಲ.
ಮತ್ತೆ ಟ. ಮತ್ತೆ ಏನೂ ಇಲ್ಲ,
ವೀಳ್ಯದ ವಾಸನೆ ಬಿಟ್ಟರೆ.
ಅರವತ್ತಮೂರರಲ್ಲಿ ಒಬ್ಬ ಕಂಡಕ್ಟರು
ಹೊಟ್ಟೆಯ ತಳದಿಂದ ಗಾಳಿ ತೆಗೆದು
ಅಕ್ಷರವೊಂದರ ಬೆನ್ನಿಗೆ ನೂಕುವುದು ಕಲಿತ,
ತುಂಬಿದ ಬಸ್ಸಿಗೆ ಕೊನೆಯವನನ್ನು ಹತ್ತಿಸಿದ ಹಾಗೆ.
ಹೊರಗೆ ಮೀನಿನ ಲಾರಿ ಬೀಪ್ ಬೀಪ್ ಎಂದು ಹಿಂದೆ ಸರಿಯುವಾಗ
ಅಂಗೈಗೆ ತಟ್ಟಿತು, ಬಿಸಿಯಾಗಿ:
ಠ.
ಅದು ದುಂಡಗೆ ಇದೆ, ನಡುವೆ ಒಂದು ಚುಕ್ಕಿ ಎಂದು
ಚಿಕ್ಕಂದಿನಲ್ಲಿ ಯಾರೋ ಹೇಳಿದ್ದು ಆಗ ನಂಬಿದೆ.
ಲಾರಿ ಸೇರಿ ರೆಕಾರ್ಡು ಕೆಟ್ಟಿತ್ತು. ಇನ್ನೊಮ್ಮೆ.

ಈಗ ಅದು ಪೆನ್‌ಡ್ರೈವಿನಲ್ಲಿ ಉಂಟು.
ಡ್ರೈವಿನ ಬೆಲೆ ಮಾತ್ರ, ಕಿಲೋ ಬಂಗುಡೆಗಿಂತ ತುಸು ಹೆಚ್ಚು.
ದನಿಗೆಷ್ಟು ಎಂದರೆ ಐತಪ್ಪಣ್ಣ,
"ಚಿಲ್ಲರೆ ಇಲ್ಲದ ಶಾಲೆ ಮಕ್ಕಳನ್ನೆಲ್ಲ ಕರೆದೊಯ್ದ ಲೆಕ್ಕಕ್ಕೆ ಹಾಕು."

ನಲವತ್ತು ನಿಮಿಷ ದಾಟಿತು. ನಿಲ್ಲಲಿಲ್ಲ.
ತಂಗಿಯ ಹಳೆಯ ಪತ್ರ ಹುಡುಕಿ ತೆರೆದೆ.
ಮಗುವಿಗೀಗ ಏಳು ವರ್ಷ.
ಮುದಿ ಗಂಡಸಿನ ದನಿಯಲ್ಲಿ ತಂಗಿ ಹೇಳಿದಳು:
"ಟಾರ್ಚು ಹಿಡಿದು ನೋಡಿದರು. ಕಣ್ಣು ಕಾಣುತ್ತದಂತೆ.
ನನಗೆ ಭಯವಿತ್ತು. ಕ್ಷಮಿಸು ಅಕ್ಕ."

ಭ, ಪೂರ್ತಿ ಉಸಿರಿನದು.
ಸ್ಪೀಕರಿನ ಮುಂದೆ ಅಂಗೈ ಹಿಡಿದೆ.
ಗಾಳಿ ಇರಲಿಲ್ಲ.
ಇನ್ನೊಮ್ಮೆ ಓದಿಸಿದೆ.